ಕೆಂಪು ಚುಕ್ಕೆಯ ಹಿತ್ತಾಳೆ

ಬೆಳಗಿನ ಜಾವ. ಡೆಲ್ಮಾ ಟ್ರೆವಾಸ್ಕಿಸ್ ಕೋಳಿಗಳಿಗೆ ಗೋಧಿ ಎರಚುತ್ತಿದ್ದಾರೆ. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿದೆ. ನೀರಿನ ತೊಟ್ಟಿಯ ಅಂಚಿನಲ್ಲಿ ಗುಲಾಬಿ ಎದೆಯ ಗಿಳಿಗಳು ಸಾಲಾಗಿ ಕೂತು ತಮ್ಮ ಪಾಲಿಗೆ ಕಾಯುತ್ತಿವೆ. ಮೊಟ್ಟೆಗೆಂದು ಬಂದ ನಾನೂ ನನ್ನ ಮಗಳು ಇಳಾಳೂ ಬೇಲಿಯ ಈಚೆ ನಿಂತಿದ್ದೇವೆ. ಡಬ್ಬಿಯಲ್ಲಿ ಇನ್ನೂ ಅರ್ಧ ಕಾಳು ಇರುವಾಗಲೇ ಮೆರಿನ್‌ಳ ಯೂಟ್, ಹಿಂಭಾಗ ತೆರೆದ ಸರಕುಗಾಡಿ, ಗೇಟು ದಾಟಿ, ಕೋಳಿಗಳನ್ನು ಚೆದುರಿಸಿ ನಿಲ್ಲುತ್ತದೆ. ಡೆಲ್ಮಾರ ಒಬ್ಬಳೇ ಮಗಳು ಈಕೆ. ರಾತ್ರಿಯ ಕಾಂಗರೂ ಬೇಟೆ ಮುಗಿಸಿ, ಮಾಂಸವನ್ನು ಊರಿನ ಶೀತಲಗೃಹಕ್ಕೆ ಹಾಕಿ ಬಂದಿದ್ದಾಳೆ. ಜೇಬಿನಿಂದ ಒಂದು ತೋಟಾ ತೆಗೆದು ತಾಯಿಯ ಅಂಗೈ ಮೇಲಿಡುತ್ತಾಳೆ.

"ಏನಮ್ಮಾ ಇದು, ತೋಟಾನಾ, ಬೆಣೆನಾ?"

"ಮತ್ತೆ ಬಿಗೀತಾ?"

"ಬಿಗೀತಾ ಅಂತ ಮೆತ್ತಗೆ ಕೇಳ್ತೀಯಲ್ಲ! ಮೊದಲನೇ ಏಟು ಸರಿಯಾಗಿ ಬೀಳ್ಲಿಲ್ಲ. ಎರಡನೇದು ಕೋವಿ ಗೂಡಿಗೆ ಇಳೀಲೇ ಇಲ್ಲ. ಗೂಡು ಮುಚ್ಚಲಿ ಅಂತ ಬೋಲ್ಟನ್ನ ಗುದ್ದಿ ಗುದ್ದಿ ಕೈ ಬಾತ್ಕೊಂಡಿದೆ, ನೋಡು. ಆ ಪ್ರಾಣಿ ಕಾಲೆಳ್ಕೊಂಡು ಮುಲ್ಗಾ ಪೊದೆ ಒಳಗೆ ಹೋಯ್ತು. ಬೆಳಕು ಹರಿಯೋವರೆಗೂ ಹುಡುಕ್ದೆ. ಸಿಗಲಿಲ್ಲ."

ಡೆಲ್ಮಾ ತೋಟಾವನ್ನು ತಿರುಗಿಸಿ ಅದರ ತಳ ನೋಡುತ್ತಾರೆ. ತಳದಲ್ಲಿ ಕೆಂಪು ಚುಕ್ಕೆ.

"ಇನ್ನೊಂದು ಸಲ ಹಿಂಗಾದ್ರೆ ಅಂಗಡಿ ತೋಟಾನೇ ತರ್ತೀನಿ ಅಮ್ಮ. ನಿನ್ನ ಮೇಜು ನಿನಗೇ ಇರ್ಲಿ" ಎನ್ನುತ್ತಾಳೆ ಮೆರಿನ್. ಜೋರಾಗಿ ಹೇಳಿದ್ದರೆ ಸಿಟ್ಟು ಅನ್ನಬಹುದಿತ್ತು. ಮೆಲ್ಲಗೆ ಹೇಳಿದಳು.

ಕುರಾಬಿನ್ ಊರಿನಲ್ಲಿ ಬೇಟೆಗಾರರ ಹೆಸರು ಎಲ್ಲರಿಗೂ ಗೊತ್ತು. ಯಾರ ಗುರಿ ನಿಖರ, ಯಾರು ಎಂಥ ಚಳಿಯಲ್ಲೂ ಹೊರಡುತ್ತಾರೆ ಎಂಬುದೆಲ್ಲ ಪಬ್ಬಿನಲ್ಲಿ ಚರ್ಚೆಯಾಗುತ್ತದೆ. ಅವರ ಕೋವಿಯ ಹಿಂದೆ ಒಂದು ತಗಡಿನ ಶೆಡ್ಡು, ಒಂದು ಮೇಜು, ಮೇಜಿನ ಮುಂದೆ ಒಂದು ಬೆನ್ನು ಇರುವುದು ಯಾರ ಮಾತಿಗೂ ಬರುವುದಿಲ್ಲ. ಡೆಲ್ಮಾ ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಆ ಬೆನ್ನು ಅವರದೇ. ಗಂಡ ಕ್ಲೆಮ್ ರಾತ್ರಿ ಬೇಟೆಯಾಡಿ ಬಂದು ಹಗಲು ಮಲಗುತ್ತಿದ್ದರು. ಗಂಡ ತಂದ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಡೆಲ್ಮಾ ತೊಳೆದು, ಉಬ್ಬಿದ್ದನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಮದ್ದು ತುಂಬಿ, ಗುಂಡು ಕೂರಿಸಿ ರಾತ್ರಿಗೆ ಮತ್ತೆ ತೋಟಾ ಮಾಡಿಡುತ್ತಿದ್ದರು. ಬೇಸಿಗೆಯಲ್ಲಿ ಆ ತಗಡಿನಡಿ ಕೂತರೆ ರೊಟ್ಟಿ ಬೇಯಿಸುವ ಒಲೆಯೊಳಗೆ ಕೂತಂತೆ. ಮದ್ದು ತೂಗುವಾಗ ಗಾಳಿ ಆಡಬಾರದೆಂದು ಬಾಗಿಲೂ ಮುಚ್ಚಿರಬೇಕು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುವ ಹಾಗಿಲ್ಲ.

"ಅಡುಗೆ ಸೀದ್ರೆ ಅವನು ತಿಂತಿದ್ದ. ತೋಟಾ ಕೆಟ್ರೆ ಪ್ರಾಣಿ ನರಳತ್ತೆ. ಅದಕ್ಕೇ ಅಡುಗೆ ಕಡೆ ಅಷ್ಟು ಗಮನ ಕೊಡ್ಲಿಲ್ಲ" ಎಂದು ನಗುತ್ತಾರೆ.

ಗುಂಡು ಹಾರುವಾಗ ಚಿಪ್ಪು ಉಬ್ಬುತ್ತದೆ, ಕೋವಿಯೊಳಗೆ ತಾನು ಕೂತ ಗೂಡಿನ ಆಕಾರಕ್ಕೇ ಹೊಂದಿಕೊಳ್ಳುತ್ತದೆ. ನೋಡಲು ಒಂದೇ ಥರ ಇರುವ ಎರಡು ಕೋವಿಗಳ ಗೂಡು ಒಂದೇ ಥರ ಇರುವುದಿಲ್ಲ. ಕ್ಲೆಮ್‌ರ ಕೋವಿಯ ಗೂಡು ಸಡಿಲ. ಅದರಲ್ಲಿ ಹಾರಿಸಿದ ಚಿಪ್ಪು ಬೇರೆ ಕೋವಿಯಲ್ಲಿ ಬಿಗಿಯುತ್ತದೆ. "ಬೂಟು ಕಾಲಿಗೆ ಪಳಗ್ತವಲ್ಲ, ಹಂಗೆ" ಎನ್ನುತ್ತಾರೆ ಡೆಲ್ಮಾ.

ಬೆರಕೆ ಆಗಬಾರದೆಂದು ಅವರು ಚಿಪ್ಪಿನ ತಳಕ್ಕೆ ಉಗುರುಬಣ್ಣದ ಚುಕ್ಕೆ ಇಡುತ್ತಾರೆ. ಕ್ಲೆಮ್‌ದು ಕೆಂಪು, ಆಮೇಲೆ ಬಂದ ಮೆರಿನ್‌ದು ನೀಲಿ. ಜೀವಮಾನದಲ್ಲಿ ಒಂದು ದಿನವೂ ಉಗುರಿಗೆ ಬಣ್ಣ ಹಚ್ಚದ ಈ ಹೆಂಗಸು ಔಷಧಿ ಅಂಗಡಿಯಲ್ಲಿ ಪದೇಪದೇ ಕೆಂಪು ಶೀಶೆ ಕೊಳ್ಳುವುದನ್ನು ನೋಡಿ, "ಯಾರಿಗೋಸ್ಕರ ಡೆಲ್ಮಾ ಈ ಶೋಕಿ?" ಎಂದು ಅಂಗಡಿಯವಳು ಕಿಚಾಯಿಸಿದ್ದಳಂತೆ. "ನನ್ನ ಗಂಡನಿಗೇ ಕಣೇ. ತಳಕ್ಕೆ ಹಚ್ಚೋಕೆ" ಎಂದು ಇವರು ಹೇಳಿ ಬಂದದ್ದು ಊರಲ್ಲಿ ಬಹಳ ದಿನ ಓಡಾಡಿತು.

ಇನ್ನೊಂದು ಪದ್ಧತಿಯೂ ಇತ್ತು. ಮಲಗುವ ಕೋಣೆಯ ಕಿಟಕಿ ಶೆಡ್ಡಿನ ಕಡೆಗಿದೆ. ಅಚ್ಚಿನ ಹಿಡಿ ಕಿರ್ ಎಂದರೆ ಸಾಕು, ಕ್ಲೆಮ್ ನಿದ್ದೆಗಣ್ಣಲ್ಲೇ ಕೂಗುತ್ತಿದ್ದರು: "ಯಾರದ್ದೇ ಅದು?" ಇವರು "ನಿಂದೇ, ಮಲಕ್ಕೋ!" ಅನ್ನಬೇಕು, ಇಲ್ಲವೇ "ಬೇರೆಯೋರದು!" ಉತ್ತರ ಬರುವವರೆಗೆ ಅವರು ಮಗ್ಗುಲು ಬದಲಿಸುತ್ತಿರಲಿಲ್ಲ. "ನಿದ್ದೆ ಕೆಟ್ರೂ ಪರವಾಗಿಲ್ಲ, ಚಿಪ್ಪು ಬೆರಕೆ ಆಗಬಾರದು ಅಂತಿದ್ದ. ಈಗ ಯಾರೂ ಕೇಳಲ್ಲ ನೋಡಿ."

ತೋಟಾ ಬಿಗಿದರೆ ಸುತ್ತಲಿನ ಬೇಟೆಗಾರರೆಲ್ಲ ಈ ಶೆಡ್ಡಿಗೇ ಬರುತ್ತಾರೆ. ಮೊನ್ನೆ ಅರ್ನಿ ಕಾಪಿಕ್ ಬಂದಿದ್ದರು. ಅಚ್ಚು ಕೆಟ್ಟಿದೆ, ಹೊಸದು ತರಿಸಬೇಕು ಎಂದು ಗೊಣಗುತ್ತಲೇ ಬಂದ ಮುದುಕ. ಡೆಲ್ಮಾ ಮದ್ದಿಲ್ಲದ ಚಿಪ್ಪಿಗೆ ಅವರ ಕೈಯಲ್ಲೇ ಬರಿಗುಂಡು ಕೂರಿಸಿಕೊಂಡು, ಮೇಣದಬತ್ತಿಯ ಹೊಗೆಗೆ ಹಿಡಿದು, ಮೈಯೆಲ್ಲ ಮಸಿ ಮಾಡಿ ಅರ್ನಿಯ ಕೋವಿಗೆ ತೂರಿಸಿ ಹೊರತೆಗೆದರು. ಎಲ್ಲಿ ಉಜ್ಜಿ ಮಸಿ ಹೋಗಿದೆಯೋ ಅಲ್ಲಿ ರೋಗ. ಚಿಪ್ಪು ಕಿರಿದಾಗುವ ಭುಜದಲ್ಲಿ ಹೊಳೆದರೆ ಅಚ್ಚು ಸಾಕಷ್ಟು ಒತ್ತಿಲ್ಲ ಎಂದರ್ಥ. ಬಾಯಂಚಿನಲ್ಲಿ ಹೊಳೆದರೆ ಚಿಪ್ಪು ಉದ್ದ ಬೆಳೆದಿದೆ, ಕತ್ತರಿಸಬೇಕು. ಅರ್ನಿಯದು ಹೊಳೆದದ್ದು ಗುಂಡಿನ ಮೇಲೆ.

"ಅಚ್ಚಿಗೆ ಏನೂ ಆಗಿಲ್ಲ. ಗುಂಡನ್ನ ಪೂರ್ತಿ ಒಳಗೆ ಕೂರಿಸಿಲ್ಲ ನೀನು. ಅರ್ಧ ಹೊರಗೇ ಬಿಟ್ಟಿದ್ದೀಯ."

"ಕನ್ನಡಕ ಮನೇಲಿ ಬಿಟ್ಟಿದ್ದೆ ಕಣೇ."

"ಬುದ್ಧೀನೂ ಅದರ ಪಕ್ಕದಲ್ಲೇ ಇಟ್ಟಿರ್ತೀಯ, ಹೋಗಿ ತಗೋ."

ಇಷ್ಟೆಲ್ಲ ಬಲ್ಲ ಕೈ ತಯಾರಿಸಿದ ತೋಟಾ ಸ್ವಂತ ಮಗಳ ಕೋವಿಯಲ್ಲಿ ಬಿಗಿಯುತ್ತಿದೆ.

ಕ್ಲೆಮ್ ತೀರಿಕೊಂಡಾಗ ಮೆರಿನ್ ಉತ್ತರದ ದನಗಾವಲಿನಲ್ಲಿ ಕೆಲಸಕ್ಕಿದ್ದಳು. ಮಣ್ಣಿಗೆ ಬಂದು, ಬೇಗ ಹಿಂತಿರುಗುತ್ತೇನೆ ಎಂದು ಹೇಳಿ ಹೋದಳು. "ಕಬ್ಬಿಣದ ಪೆಟ್ಟಿಗೆ ತೆಗೆದಾಗೆಲ್ಲ ಅವನ ಕೋವಿ ನನ್ನೇ ನೋಡ್ತಿತ್ತು" ಎನ್ನುತ್ತಾರೆ ಡೆಲ್ಮಾ. "ಲೈಸೆನ್ಸ್ ವಿಷಯಕ್ಕೆ ಬಂದ ಪೊಲೀಸಿನ ಹುಡುಗ ಒಳ್ಳೇವನು, ನಿಧಾನ ಮಾಡಿ, ಮಗಳನ್ನ ಒಂದು ಮಾತು ಕೇಳಿ ಅಂದ. ನಾನು ಕೇಳಲಿಲ್ಲ. ವ್ಯಾಪಾರಿ ಬಂದ, ಕೋವಿ ಕೊಟ್ಬಿಟ್ಟೆ. ಯಾರಿಗೆ ಮಾರ್ತಾನೆ ಅಂತ್ಲೂ ಕೇಳಲಿಲ್ಲ. ಮೆರಿನ್ ಅಪ್ಪನ ಕೆಲಸ ಮುಂದುವರಿಸ್ತೀನಿ ಅಂತ ಬಂದು ಪೆಟ್ಟಿಗೆ ತೆಗೆದ್ಲು. ಬೈದಿದ್ರೆ ಚೆನ್ನಾಗಿತ್ತು. ಬಾಗಿಲು ಮುಚ್ಚಿ, ಟೀ ಇದೆಯಾ ಅಂದ್ಲು."

ಆಮೇಲೆ ಆಕೆ ಅದೇ ಬಗೆಯ ಬೇರೆ ಕೋವಿ ಕೊಂಡಳು. ಅದರ ಗೂಡು ಬಿಗಿ. ನೀಲಿ ಚುಕ್ಕೆಯ ಚಿಪ್ಪುಗಳು ಅದರಲ್ಲೇ ಉಬ್ಬಿ ಪಳಗಿದವು, ಹಾಗಾಗಿ ತೊಂದರೆ ಇರಲಿಲ್ಲ. ಅವು ಸವೆದು ಕುತ್ತಿಗೆ ಸೀಳತೊಡಗಿದವು. ಪೇಟೆಯಲ್ಲಿ ಹೊಸ ಚಿಪ್ಪು ಸಿಗುತ್ತಿಲ್ಲ. ಈ ಚಳಿಗಾಲ ಡೆಲ್ಮಾ ಬೆಂಚಿನ ಕೆಳಗಿನ ಬಕೆಟ್ಟಿಗೆ ಕೈ ಹಾಕಿದರು. ಅದರ ತುಂಬ ಕೆಂಪು ಚುಕ್ಕೆಯವು.

ಈಗ ನಾವೆಲ್ಲ ಶೆಡ್ಡಿನಲ್ಲಿದ್ದೇವೆ. ಕೋಳಿಯ ಡಬ್ಬಿ ಹೊಸ್ತಿಲಲ್ಲಿದೆ. ಮೆರಿನ್ ಖಾಲಿ ಮಾಡಿದ ಕೋವಿಯನ್ನು ಬೋಲ್ಟ್ ತೆರೆದು ಮೇಜಿನ ಮೇಲೆ ಇಡುತ್ತಾಳೆ. ಡೆಲ್ಮಾ ಅಚ್ಚಿನಲ್ಲಿ ಒತ್ತಿಟ್ಟಿದ್ದ ಒಂದು ಕೆಂಪು ಚಿಪ್ಪನ್ನು, ಮದ್ದೂ ಗುಂಡೂ ಇಲ್ಲದ್ದನ್ನು, ಹೊಗೆಗೆ ಹಿಡಿಯುತ್ತಾರೆ. ಕರ್ರಗಾದ ಚಿಪ್ಪು ಒಳಗೆ ಹೋಗುತ್ತದೆ. ಬೋಲ್ಟ್ ಕೊನೆಯಲ್ಲಿ ತಡೆಯುತ್ತದೆ. ಹೊರತೆಗೆದರೆ ಭುಜದ ಸುತ್ತ ಹಿತ್ತಾಳೆ ಬಳೆಯ ಹಾಗೆ ಹೊಳೆಯುತ್ತಿದೆ.

"ಭುಜ" ಎನ್ನುತ್ತಾಳೆ ಮೆರಿನ್.

"ಭುಜ" ಎನ್ನುತ್ತಾರೆ ಡೆಲ್ಮಾ.

ಬೇರೆ ಯಾರದೇ ಆಗಿದ್ದರೆ ಅವರು ಕ್ಷಣದಲ್ಲಿ ಪರಿಹಾರ ಹೇಳುತ್ತಿದ್ದರು: ಅಚ್ಚನ್ನು ಕೂದಲೆಳೆಯಷ್ಟು ಕೆಳಗೆ ತಿರುಗಿಸು, ಭುಜ ಹಿಂದೆ ಸರಿಯುತ್ತದೆ, ಆಯಿತು. ಆದರೆ ಈ ಅಚ್ಚಿನ ಬಿಗಿಯುಂಗುರವನ್ನು ತಿರುಗಿಸಿ ನಿಲ್ಲಿಸಿದವರು ಕ್ಲೆಮ್, ತಮ್ಮ ಕೋವಿಯ ಅಳತೆಗೆ. ಅಲುಗಿದರೆ ತಿಳಿಯಲೆಂದು ಉಂಗುರದಿಂದ ಕೆಳಗಿನ ಕಬ್ಬಿಣದವರೆಗೆ ಉಗುರುಬಣ್ಣದ ಒಂದು ಕೆಂಪು ಗೆರೆಯನ್ನೂ ಅವರೇ ಎಳೆದಿದ್ದರು. ತಿರುಗಿಸಿದರೆ ಗೆರೆ ಒಡೆಯುತ್ತದೆ. ಗೆರೆ ಇನ್ನೂ ಇಡಿಯಾಗಿದೆ.

ಮೆರಿನ್ ಆ ಗೆರೆಯನ್ನೇ ನೋಡುತ್ತಾಳೆ. ಆಕೆಗೂ ಗೊತ್ತು. "ನಾನು ತಿರುಗಿಸ್ಲಾ?" ಅನ್ನುವುದಿಲ್ಲ.

ಪತ್ರಿಕೆಗೆ ಬರೆಯುತ್ತೇನೆ, ನಿಮಗೊಂದು ಆಸೆ ಇದ್ದರೆ ಹೇಳಿ ಎಂದು ಕಳೆದ ವಾರ ಕೇಳಿದ್ದೆ. "ಆಸೆ ಏನು, ಅವಳು ಈ ಮೇಜು ಬಿಟ್ಟು ಹೋಗದಿದ್ರೆ ಸಾಕು. ಅವಳು ನನ್ನ ಹತ್ರ ಮಾತಾಡೋದು ಇದೊಂದರ ಬಗ್ಗೆ ಮಾತ್ರ" ಎಂದಿದ್ದರು.

ಇಳಾಗೆ ಏಳು ವರ್ಷ. ಮೊಟ್ಟೆಗೆ ಬಂದಾಗಲೆಲ್ಲ ಈ ಮೇಜಿನ ಪಕ್ಕ ನಿಂತು ಕ್ಲೆಮ್ ಕೂಗುತ್ತಿದ್ದ ಕತೆ ಹೇಳಿಸಿಕೊಂಡವಳು. ಮನೆಗೆ ಹೋಗುವ ದಾರಿಯಲ್ಲಿ ನನ್ನ ಸೆರಗು ಜಗ್ಗಿ ಒಂದೇ ಮಾತು ಕೇಳುತ್ತಿದ್ದಳು: "ಈಗ ಅಜ್ಜೀನ ಯಾರು ಹಂಗೆ ಕೇಳ್ತಾರೆ?" "ನನ್ನ ಕೇಳಿದರೆ ಏನು ಬಂತು ಪುಟ್ಟಾ, ಅವರನ್ನೇ ಕೇಳು" ಅನ್ನುತ್ತಿದ್ದೆ. ಅವರೆದುರು ಅವಳಿಗೆ ಧೈರ್ಯ ಬರುತ್ತಿರಲಿಲ್ಲ.

ಡೆಲ್ಮಾ ಬಕೆಟ್ಟಿನಿಂದ ಇನ್ನೊಂದು ಚಿಪ್ಪು ತೆಗೆದು ಅಚ್ಚಿನ ಕೆಳಗಿಡುತ್ತಾರೆ. ಅವರ ಕೈ ಉಂಗುರದ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ಜಾರಿ ಹಿಡಿಗೆ ಬರುತ್ತದೆ. ಹಿಡಿ ಕಿರ್ ಎನ್ನುತ್ತದೆ. ಮೆರಿನ್ ಮುಖ ಮಲಗುವ ಕೋಣೆಯ ಕಿಟಕಿಯ ಕಡೆ ತಿರುಗಿಸುತ್ತಾಳೆ.

ಇಳಾ ನನ್ನ ಬೆರಳು ಬಿಡಿಸಿಕೊಂಡು ಮೇಜಿನ ಹತ್ತಿರ ಹೋಗುತ್ತಾಳೆ.

"ಡೆಲ್ಮಜ್ಜೀ, ಯಾರದ್ದು ಅದು?"