ಕೆರೆ ಮೂಲೆಯ ಮರಳು

ಸಮುದ್ರದ ತಳದ ಕೆಸರು ತೆಗೆದು, ಅದರ ಪದರಗಳಲ್ಲಿ ಹಿಂದಿನ ಕಾಲದ ಸೆಕೆ, ಚಳಿ, ಮಳೆ ಓದೋದು ನನ್ನ ಉದ್ಯೋಗವಾಗಿತ್ತು. "ಹೊಸಕೋಟೆ ಕಡೆಯೋರು ನೀವು, ನಿಮಗೆಲ್ಲಿಂದ ಬಂತು ಸ್ವಾಮಿ ಸಮುದ್ರದ ಹುಚ್ಚು?" ಅಂತ ಈಗಲೂ ಕೇಳ್ತಾರೆ. ಕೇಳಿಸಿಕೊಂಡು ಕೇಳಿಸಿಕೊಂಡು ರೇಗಿಹೋಗಿದೆ. ಹುಚ್ಚು ಹಿಡಿದದ್ದು ಬೆಂಗಳೂರಿನ ಕಾಲೇಜಿನಲ್ಲಿ. ಅಪ್ಪ ಅದಕ್ಕೆ ಒಪ್ಪಿದ್ದು ಮಾತ್ರ ಜಡಿಗೇನಹಳ್ಳಿ ಹತ್ತಿರದ ನಮ್ಮೂರ ಕೆರೆಯಲ್ಲಿ.

ನಲವತ್ತರ ದಶಕದ ಕೊನೆ ಅದು. ಭೂವಿಜ್ಞಾನ ಓದಿ ಮುಗಿಸಿದ್ದೆ. ಕಡಲ ತಳದ ಮಣ್ಣು ತೆಗೆಯೋ ಹಡಗಿನಲ್ಲಿ ಕೆಲಸಕ್ಕೆ ಕರೆ ಬಂದಿತ್ತು. ಅಪ್ಪ ಸುತರಾಂ ಒಪ್ಪಲಿಲ್ಲ. "ನೀರಿನ ಸಹವಾಸ ಈ ಮನೆಗೆ ಸಾಕು" ಅಂದುಬಿಟ್ಟ. ನಾನು ತೊಟ್ಟಿಲಲ್ಲಿದ್ದಾಗ ಕೆರೆಗೆ ಬರೋ ಹಳ್ಳ ಉಕ್ಕಿ, ದಾಟುತ್ತಿದ್ದ ಅವ್ವನನ್ನು ಎಳಕೊಂಡು ಹೋಗಿತ್ತು. ಅವಳು ಸಿಕ್ಕಿದ್ದು ಹಳ್ಳ ಕೆರೆಗೆ ಸೇರೋ ಮೂಲೆಯಲ್ಲಿ.

ಬೇಸಿಗೆಯಲ್ಲಿ ಕೆರೆ ಬತ್ತಿದರೆ ಊರಿಗೆ ಊರೇ ಗಾಡಿ ಹೂಡಿ, ಹೂಳು ತೋಡಿ ರಾಗಿ ಹೊಲಕ್ಕೆ ಹೊಡೀತಿತ್ತು. ಹಳ್ಳದ ಬಾಯಿ ಅಂತ ಮೊದಲಿಂದಲೂ ಬಿಟ್ಟಿದ್ದ ಆ ಮೂಲೆಗೆ, ಅವ್ವ ಸಿಕ್ಕಿದ ಮೇಲಂತೂ ಯಾರೂ ಗುದ್ದಲಿ ಹಾಕ್ತಿರಲಿಲ್ಲ. ಇಡೀ ಕೆರೆಯಲ್ಲಿ ಮಣ್ಣು ಬಿದ್ದಹಾಗೇ ಬಿದ್ದಿದ್ದ ಜಾಗ ಅದೊಂದೇ. ನನ್ನ ಕೆಲಸ ಏನು ಅಂತ ಅಪ್ಪನಿಗೆ ಕಣ್ಣಾರೆ ತೋರಿಸಬೇಕು ಅಂತ ಹಟ ಹಿಡಿದು, ಅಲ್ಲೇ ಗುಂಡಿ ತೋಡಿದೆ.

ಯಾರೋ ಹೋಗಿ ಹೇಳಿದರು. ಅಪ್ಪ ಏದುಸಿರು ಬಿಡುತ್ತಾ ಬಂದ.

"ಜಾಗ ಯಾವುದು ಗೊತ್ತೇನೋ ನಿಂಗೆ? ಬುದ್ಧಿ ಗಿದ್ಧಿ ಐತಾ?"

ನನಗೂ ಮೂಗಿನ ತುದೀಲೇ ಕೋಪ. "ಗೊತ್ತು ಕಣಪ್ಪಾ! ಒಂದ್ಸಲ ನೋಡು, ಆಮೇಲೆ ಬೈಯಿ" ಅಂದೆ.

ಗುಂಡಿಯ ಗೋಡೆ ತೋರಿಸಿದೆ. ಒಂದೊಂದು ಮಳೆಗಾಲಕ್ಕೆ ಒಂದೊಂದು ಪದರ. ಮಳೆ ಚೆನ್ನಾಗಿ ಆದ ವರ್ಷದ್ದು ದಪ್ಪ, ಕೈಕೊಟ್ಟ ವರ್ಷದ್ದು ತೆಳು. ನಡುವೆ ಒಂದು ಗೇಣು ದಪ್ಪಕ್ಕೆ ಬರೀ ಮರಳು, ಕಲ್ಲು. "ಹಳ್ಳ ಉಕ್ಕಿದ ವರ್ಷ ಇದು" ಅಂದೆ.

ಅಪ್ಪನ ಬೈಗುಳ ನಿಂತುಹೋಯಿತು. ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದ. ಮರಳಿನ ಕೆಳಗೆ ಅಂಗೈ ಇಟ್ಟು ಕೇಳಿದ: "ಹಂಗಾದ್ರೆ ಇದು ಅವಳಿದ್ದಾಗಿನ ಮಣ್ಣಾ?"

"ಹೂಂ ಅಪ್ಪ."

ಕೈ ತೆಗೆಯಲೇ ಇಲ್ಲ. ಹಾಗೇ ಇನ್ನೂ ಕೆಳಗೆ ತಡವಿ, ಒಂದು ದಪ್ಪ ಪದರದ ಮೇಲೆ ಬೆರಳಿಟ್ಟ. "ಅವಳು ನಮ್ಮನೆಗೆ ಬಂದ ವರ್ಷ ಕೆರೆ ಕೋಡಿ ಬಿದ್ದಿತ್ತು ಕಣೋ. ಇದೇ ಇರಬೇಕು." ನನಗೆ ಅಳು ಬಂದುಬಿಟ್ಟಿತು. ಅವ್ವನ ವಿಚಾರ ಅಪ್ಪ ನನ್ನ ಹತ್ತಿರ ಅಷ್ಟು ಮಾತಾಡಿದ್ದೇ ಅವತ್ತು.

"ಸಮುದ್ರದಲ್ಲೂ ಹಿಂಗೇ ಇರ್ತದಾ?"

"ಇರ್ತದಪ್ಪ. ಸಾವಿರಾರು ವರ್ಷದ್ದು. ಅಲ್ಲಿಗೆ ಯಾರು ಗಾಡಿ ಹೂಡ್ಕೊಂಡು ಹೋಗ್ತಾರೆ?"

ಅಪ್ಪ ಗುಂಡಿಯಿಂದ ಹತ್ತಿ ಕೈ ಒರೆಸಿಕೊಂಡ. "ಹೋಗು. ನೀರಿಗೆ ಮಾತ್ರ ಇಳೀಬೇಡ" ಅಂದ.

ಬದುಕಿನ ಅರ್ಧ ಹಡಗಿನ ಮೇಲೇ ಕಳೆದೆ. ಜೊತೆಯವರು ಸಂಜೆ ಈಜೋಕೆ ಇಳಿದು ನನ್ನನ್ನೂ ಕರೆಯೋರು, ಪುಕ್ಕಲ ಅಂತ ಆಡಿಕೊಳ್ಳೋರು. ಆಡಿಕೊಳ್ಳಲಿ ಬಿಡಿ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಇವತ್ತಿನವರೆಗೂ ನಾನು ಕಡಲಿನಲ್ಲಿ ಪಾದ ಕೂಡ ನೆನೆಸಿಲ್ಲ.