ದಿನಕ್ಕೊಂದು ಬೆಟ್ಟ ಎಬ್ಬಿಸುವ ಟೈಪಿಸ್ಟ್ ಅಕ್ಕ

ಬೆಳಗಿನ ಐದೂವರೆ. ಬಸ್ ಚಾಲಕರ ತರಬೇತಿ ಶಾಲೆಯ ಗೇಟಿನಲ್ಲಿ ಕಾವಲುಗಾರರು ಇನ್ನೂ ಆಕಳಿಸುತ್ತಿದ್ದಾರೆ. ಸೈಕಲ್ ಒರಗಿಸಿ ಬಂದ ಹೆಂಗಸು ಚೀಲದಿಂದ ನೋಟ್‌ಬುಕ್ ತೆಗೆಯುತ್ತಾರೆ. ಶಾಲೆಯವರಿಗೆಲ್ಲ ಇವರು ಟೈಪಿಸ್ಟ್ ಅಕ್ಕ.

“ಅಣ್ಣಾ, ಬಾಯಿಗೆ ಬಂದ ಒಂದು ನಂಬರ್ ಹೇಳಿ. ನಾಲ್ಕು ಅಂಕಿ.”

“ಏಳು ಸಾವಿರದ ಹದಿನಾರು.”

ಅಕ್ಕ ಹಾಳೆ ಮಗುಚುತ್ತಾರೆ. “ಅದು ಆಗಿಹೋಗಿದೆ. ಬೇರೆ ಹೇಳಿ.”

“ಹಾಗಾದ್ರೆ ಮೂರು ಸಾವಿರದ ನಾನೂರ ಎಂಟು. ಬೆಟ್ಟ ಸೊಟ್ಟಗೆ ಬಂದ್ರೆ ನನ್ನನ್ನ ಬೈಬೇಡಿ ಮತ್ತೆ.”

ಟೈರ್ ಗೋದಾಮಿನ ಹಿಂದಿರುವ ಕೋಣೆಗೆ ಒಂದೇ ಕಿಟಕಿ. ಅದರ ಕೆಳಗೆ ಹಳೆಯ ಕಂಪ್ಯೂಟರು. ಅಕ್ಕ 3408 ಎಂದು ಒತ್ತುತ್ತಾರೆ. ಒಂದು ನಂಬರಿಗೆ ಒಂದೇ ಬೆಟ್ಟ, ಬೇರೆ ನಂಬರಿಗೆ ಬೇರೆ ಬೆಟ್ಟ. ಪರದೆಯ ಮೇಲೆ ಮೊದಲು ಬರುವುದು ಒಂದೇ ಒಂದು ತ್ರಿಕೋನ. ಅದರ ಒಂದೊಂದು ಬದಿಯ ನಟ್ಟನಡುವಿನ ಬಿಂದುವನ್ನೂ ಕಂಪ್ಯೂಟರು ದಾಳ ಹಾಕಿದ ಹಾಗೆ ಮೇಲಕ್ಕೆತ್ತುತ್ತದೆ, ಇಲ್ಲವೇ ಕೆಳಕ್ಕಿಳಿಸುತ್ತದೆ. ಒಂದು ತ್ರಿಕೋನ ನಾಲ್ಕಾಗುತ್ತದೆ, ನಾಲ್ಕು ಹದಿನಾರಾಗುತ್ತದೆ. ಪ್ರತಿ ಸುತ್ತಿಗೂ ಏರಿಳಿತ ಅರ್ಧದಷ್ಟು ಕಡಿಮೆ. ಎಂಟನೇ ಸುತ್ತು ಮುಗಿಯುವ ಹೊತ್ತಿಗೆ 65,536 ತ್ರಿಕೋನಗಳು ಸೇರಿ, ಯಾರೂ ಎಂದೂ ಕಂಡಿರದ ಬೆಟ್ಟವೊಂದು ಎದ್ದು ನಿಂತಿರುತ್ತದೆ. ಆಮೇಲೆ ಬಣ್ಣ, ಬಿಸಿಲು, ನೆರಳು. ಕೊನೆಗೆ ಏರು ಕಡಿಮೆ ಇರುವ ಕಡೆ ಹುಡುಕಿಕೊಂಡು ರಸ್ತೆ ಹತ್ತುತ್ತದೆ. ಇಷ್ಟಕ್ಕೆ ಇಪ್ಪತ್ತೈದು ನಿಮಿಷ ಬೇಕು. ಹತ್ತರಲ್ಲಿ ಮೂರು ಬೆಟ್ಟಗಳಿಗೆ ರಸ್ತೆಯೇ ಹತ್ತುವುದಿಲ್ಲ. ಅಂಥ ದಿನ ಅಕ್ಕ ಹೊಸ ನಂಬರಿಗಾಗಿ ಮತ್ತೆ ಗೇಟಿಗೆ ಹೋಗಬೇಕು.

ಆರೂವರೆಗೆ ಕಲಿಯುವವರು ಬರುತ್ತಾರೆ. ಪಕ್ಕದ ಹಾಲ್‌ನಲ್ಲಿ ಗುಜರಿಗೆ ಹೋಗಬೇಕಿದ್ದ ಬಸ್ಸಿನ ಮುಂಭಾಗವನ್ನು ಕತ್ತರಿಸಿ ತಂದು ಕೂರಿಸಿದ್ದಾರೆ. ಸೀಟು, ಸ್ಟೇರಿಂಗ್, ಗೇರು ಎಲ್ಲ ಅಸಲಿ. ಗಾಜಿನ ಜಾಗದಲ್ಲಿ ಮಾತ್ರ ದೊಡ್ಡ ಪರದೆ. ದಿನಕ್ಕೆ ಹದಿನಾಲ್ಕು ಮಂದಿ ಅಕ್ಕನ ಬೆಟ್ಟ ಹತ್ತಿ ಇಳಿಯುತ್ತಾರೆ. ಆರು ವರ್ಷಗಳಲ್ಲಿ ಹೀಗೆ ಎದ್ದ ಬೆಟ್ಟಗಳು 1,640.

ಹತ್ತೊಂಬತ್ತು ವರ್ಷಗಳ ಹಿಂದೆ ಅಕ್ಕ ಇಲ್ಲಿಗೆ ಸೇರಿದ್ದು ಪತ್ರ ಮತ್ತು ಪ್ರಮಾಣಪತ್ರ ಟೈಪ್ ಮಾಡಲು. ಆಗ ಪರದೆಯ ಮೇಲೆ ಇದ್ದದ್ದು ಒಂದೇ ಬೆಟ್ಟ. ಕೊಂಡು ತಂದದ್ದು, ಹದಿಮೂರು ತಿರುವಿನದು. ಅಕ್ಕನ ಸ್ವಂತ ತಮ್ಮನೂ ಅದರ ಮೇಲೆಯೇ ಕಲಿತ. ಪರೀಕ್ಷೆಯಲ್ಲಿ ಅವನೇ ಮೊದಲಿಗ. ಅವನ ಪ್ರಮಾಣಪತ್ರವನ್ನು ಟೈಪ್ ಮಾಡಿದ್ದೂ ಅಕ್ಕನೇ.

ತಮ್ಮ ಚಾಲಕನಾಗಿ ಕೆಲಸಕ್ಕೆ ಸೇರಿದ ಇಪ್ಪತ್ತೆರಡನೇ ದಿನ ನಿಜವಾದ ಬೆಟ್ಟದ ರಸ್ತೆಯಲ್ಲಿ ಅವನ ಬಸ್ಸು ಹಳ್ಳಕ್ಕೆ ಇಳಿಯಿತು. ಯಾರ ಪ್ರಾಣವೂ ಹೋಗಲಿಲ್ಲ. ಹನ್ನೊಂದು ಮಂದಿಗೆ ಪೆಟ್ಟಾಯಿತು, ಒಬ್ಬ ಅಜ್ಜಿಯ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಏನಾಯ್ತೋ ಅಂತ ಕೇಳ್ದೆ. ‘ಎಡಕ್ಕೆ ತಿರುವು ಇರಬೇಕಿತ್ತು ಅಕ್ಕಾ, ಕೈ ತಾನಾಗೇ ಎಡಕ್ಕೆ ಹೋಯ್ತು’ ಅಂದ. ಆ ರಸ್ತೇಲಿ ಎಡಕ್ಕೆ ತಿರುವೇ ಇರ್ಲಿಲ್ಲ. ಅವ್ನು ಬಸ್ ಓಡಿಸೋದು ಕಲ್ತಿರ್ಲಿಲ್ಲ, ಆ ಒಂದು ಬೆಟ್ಟಾನ ಬಾಯಿಪಾಠ ಮಾಡ್ಕೊಂಡಿದ್ದ,” ಎನ್ನುತ್ತಾರೆ ಅಕ್ಕ. ತಮ್ಮ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಈಗ ಒಂದು ಗ್ಯಾರೇಜಿನಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಾನೆ.

ಅಕ್ಕ ಹೋಗಿ ಮುಖ್ಯ ಬೋಧಕರಿಗೆ ಹೇಳಿದರು. ಅವರು ಕಡತದಿಂದ ತಲೆಯೆತ್ತಲಿಲ್ಲ. “ಬೆಟ್ಟ ಅಂದ್ರೆ ಬೆಟ್ಟ ಕಣಮ್ಮ. ಒಂದಿದ್ರೆ ಸಾಲದಾ? ನೀವು ಪತ್ರ ಟೈಪ್ ಮಾಡಿ.”

ಅಕ್ಕ ಪತ್ರ ಟೈಪ್ ಮಾಡುತ್ತಲೇ ಇದ್ದರು. ಆದರೆ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವರ ಹತ್ತಿರ, ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವುದನ್ನು ಕಲಿಸುವ ಒಂದು ಹರಿದ ಪುಸ್ತಕ ಕೇಳಿ ಪಡೆದರು. ಊಟದ ಬಿಡುವಿನಲ್ಲಿ ಅದನ್ನು ಓದಿ, ಮನೆಗೆ ಹೋಗಿ ಮಗಳ ಹಾವು-ಏಣಿ ಆಟದ ದಾಳ ಉರುಳಿಸಿ ಕಾಗದದ ಮೇಲೆ ಬೆಟ್ಟ ಬರೆದರು. ಅಂಕೆ ಹೇಳುವ ಕೆಲಸ ಅತ್ತೆಯದು. “ಮೂರು ದಿನ ಆರು ಬಿತ್ತು, ಎರಡು ಬಿತ್ತು ಅಂತ ಕೂಗಿ ನನ್ನ ಗಂಟಲು ಹೋಯ್ತು. ಕೊನೆಗೆ ನೋಡಿದ್ರೆ ಮುದುರಿ ಬಿಸಾಕಿದ ಕಾಗದದ ಹಾಗಿತ್ತು,” ಎಂದು ಅತ್ತೆ ಈಗಲೂ ನಗುತ್ತಾರೆ. ಏರಿಳಿತವನ್ನು ಸುತ್ತಿನಿಂದ ಸುತ್ತಿಗೆ ಕಡಿಮೆ ಮಾಡಬೇಕೆಂದು ಅಕ್ಕನಿಗೆ ಹೊಳೆದದ್ದು ಆಗಲೇ.

ಕಂಪ್ಯೂಟರಿನಲ್ಲಿ ಬೇರೆಯದೇ ತೊಂದರೆ. ಬೆಟ್ಟದ ನಡುವೆ ಬಿರುಕು ಬಿಟ್ಟು ಆಕಾಶ ಕಾಣುತ್ತಿತ್ತು. ಅದಕ್ಕೆ ಕಾರಣ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಅಕ್ಕಪಕ್ಕದ ಎರಡು ತ್ರಿಕೋನಗಳಿಗೆ ಒಂದೇ ಗಡಿ. ಆದರೆ ಆ ಗಡಿಗೆ ಎರಡೂ ಬೇರೆ ಬೇರೆ ದಾಳ ಹಾಕುತ್ತಿದ್ದವು. “ಒಂದೇ ಗೋಡೆಗೆ ಇಬ್ಬರು ಮನೆಯವರು ಎರಡು ಎತ್ತರ ಹೇಳಿದ ಹಾಗೆ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರೂ ಒಪ್ಕೋಬೇಕು ಅಂತ ಪ್ರೋಗ್ರಾಮಲ್ಲಿ ಬರೆದೆ. ಬಿರುಕು ಮುಚ್ಚಿಹೋಯ್ತು.”

ಒಂದು ಬೆಳಿಗ್ಗೆ ಅಕ್ಕ ಮುಖ್ಯ ಬೋಧಕರ ಮುಂದೆ ಹೋಗಿ ನಿಂತರು. ನಿಮ್ಮಲ್ಲಿ ಪಳಗಿದ ಮೂವರನ್ನು ಕೊಡಿ, ಅರ್ಧ ಗಂಟೆ ಸಾಕು ಎಂದರು. ಹದಿಮೂರು ತಿರುವನ್ನು ಕಣ್ಣುಮುಚ್ಚಿ ದಾಟುತ್ತಿದ್ದ ಆ ಮೂವರೂ ಹೊಸ ಬೆಟ್ಟದ ಎರಡನೇ ತಿರುವಿನಲ್ಲೇ ರಸ್ತೆ ಬಿಟ್ಟರು. ಮುಖ್ಯ ಬೋಧಕರು ಮೂವರನ್ನೂ ಬದಿಗೆ ಸರಿಸಿದರು. ಆಮೇಲೆ ತಾವೇ ಸೀಟಿನಲ್ಲಿ ಕೂತರು. ಮೂರನೇ ತಿರುವಿನವರೆಗೆ ಹೋದರು. ಇಳಿದು ಬೆವರು ಒರೆಸಿಕೊಂಡು, “ನಾಳೆಯಿಂದ ಇದೇ ಇರಲಿ,” ಎಂದರು.

ಅಕ್ಕನ ಹುದ್ದೆ ಇಂದಿಗೂ ಟೈಪಿಸ್ಟ್. ಏಳು ಗಂಟೆಗೆ ಬೆಟ್ಟದ ಕೋಣೆ ಬಿಟ್ಟು ಕಚೇರಿಗೆ ಬಂದರೆ ಸಂಜೆಯವರೆಗೆ ಪತ್ರಗಳೇ. ಶಾಲೆಯ ವರದಿಯಲ್ಲಿ ಬೆಟ್ಟದ ವಿಷಯ ಒಂದು ಸಾಲು ಬರುತ್ತದೆ, ಅಕ್ಕನ ವಿಷಯ ಬರುವುದಿಲ್ಲ. ಆ ವರದಿಯನ್ನು ಟೈಪ್ ಮಾಡುವವರೂ ಅವರೇ. “ಸೇರಿಸ್ಕೊಂಡ್ರೆ ಯಾರಿಗೂ ಗೊತ್ತಾಗೋದಿಲ್ಲ. ಆದ್ರೆ ಕೊಟ್ಟಿದ್ದಷ್ಟನ್ನೇ ಟೈಪ್ ಮಾಡಬೇಕಲ್ಲ,” ಎಂದು ನಗುತ್ತಾರೆ. ಸದ್ಯಕ್ಕೆ ಅವರ ತಲೆ ತಿನ್ನುತ್ತಿರುವುದು ಮಂಜು. ಬೆಟ್ಟದ ಮೇಲೆ ಮಂಜು ಇಳಿಸಬೇಕು, ಆದರೆ ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತದೆ.

ಹೋದ ತಿಂಗಳು ಒಂದು ದಿನ ಬೆಳ್ಳಂಬೆಳಗ್ಗೆ ಚಾಲಕರೊಬ್ಬರು ಮುಖ್ಯ ಬೋಧಕರಿಗೆ ಕೃತಜ್ಞತೆ ಹೇಳಲು ಬಂದಿದ್ದರು. ಮೂರು ವರ್ಷದ ಹಿಂದೆ ಇಲ್ಲಿ ಕಲಿತವರು. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಾಗ, ನಲವತ್ತೆರಡು ಜನರಿದ್ದ ಬಸ್ಸನ್ನು ಗೇರು ಇಳಿಸುತ್ತಾ ಬೆಟ್ಟದ ಬದಿಯ ಮಣ್ಣಿಗೆ ಒರಗಿಸಿ ನಿಲ್ಲಿಸಿದ್ದರು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಬೋಧಕರು ಅವರನ್ನು ಗೋದಾಮಿನ ಹಿಂದಿನ ಕೋಣೆಗೆ ಕಳಿಸಿದರು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ಇಲ್ಲಿ ಕಲಿತ ಬೆಟ್ಟ ಯಾವುದಾದ್ರೂ ನೆನಪಿದೆಯಾಪ್ಪ?”

ಚಾಲಕರು ತಲೆ ಕೆರೆದುಕೊಂಡರು. “ತಪ್ಪು ತಿಳ್ಕೋಬೇಡಿ ಅಕ್ಕಾ. ಒಂದೂ ನೆನಪಿಲ್ಲ. ದಿನಾ ಬೇರೆ ಇರ್ತಿತ್ತಲ್ಲ, ಮುಂದೆ ಏನು ಬರುತ್ತೋ ಅಂತ ನೋಡ್ಕೊಂಡು ಓಡಿಸೋದೇ ಆಗ್ತಿತ್ತು.”

“ತಪ್ಪು ಯಾಕೆ ತಿಳ್ಕೊಳ್ಳಲಿ?” ಎಂದರು ಅಕ್ಕ. “ಅವು ನೆನಪಲ್ಲಿ ಉಳೀಬಾರದು ಅಂತಾನೇ ನಾನು ಮಾಡಿದ್ದು.”