ಕಲ್ಯಾಣದುರ್ಗದಲ್ಲಿ ಕಟ್ಟಿದ ಚೀನಾದೂರು

ನಮ್ಮ ಮನೆಯ ಪಡಸಾಲೆ ದಾಟಿ ಎಡಕ್ಕೆ ತಿರುಗಿದರೆ ಚೀನಾ ಬರುತ್ತಿತ್ತು. ಬಾಗಿಲಿಗೆ ಒದ್ದೆ ಗೋಣಿಚೀಲದ ಪರದೆ. ಅದನ್ನು ಸರಿಸಿ ಒಳಗೆ ಕಾಲಿಟ್ಟರೆ ಕಲ್ಯಾಣದುರ್ಗದ ಉರಿ, ಗಾಳಿ, ಧೂಳು ಎಲ್ಲ ಹೊಸ್ತಿಲಾಚೆ ಉಳಿದು, ಬಚ್ಚಲುಮನೆಯ ಹಬೆಯಂಥ ತೇವ ಮುಖಕ್ಕೆ ತಾಗುತ್ತಿತ್ತು. ಇದನ್ನು ಕಟ್ಟಿದವರು ನಮ್ಮವರು, ಅಂದರೆ ನನ್ನ ಗಂಡ. ಕೂಲರು, ಮೋಟಾರು ರಿಪೇರಿ ಅವರ ಕಸುಬು. ಕಟ್ಟಿಸಿದವಳು ನಾನು. ಆ ವರ್ಷ ನಾವು ನಕ್ಕಷ್ಟು ಆಮೇಲೆ ಎಂದೂ ನಗಲಿಲ್ಲ, ಆದರೆ ನನಗೆ ಒಳಗೊಳಗೇ ಎದೆ ಹೊಡೆದುಕೊಳ್ಳುತ್ತಿತ್ತು.

ನಾನು ಹಿಂದೂಪುರದ ನೇಕಾರರ ಮನೆಯವಳು. ಏಳನೇ ಕ್ಲಾಸಿನಿಂದ ಮಗ್ಗದ ಮೇಲೆ ಕೂತವಳು. ಬೇರೇನೂ ಬರುವುದಿಲ್ಲ ಅಂತಲ್ಲ, ಬೇರೇನೂ ಬೇಡ. ಅಪ್ಪ ತೀರಿಹೋಗುವ ಮುಂಚೆ ಅವರ ಮಗ್ಗ ನನಗೆ ಸೇರಬೇಕೆಂದು ಹೇಳಿದ್ದರು. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದಾಗ ಹಾಸಿಗೆ, ಪಾತ್ರೆಗಳ ಹಿಂದೆ ಅದೂ ಟೆಂಪೋ ಹತ್ತಿ ಬಂತು. ಇಳಿಸಿಕೊಟ್ಟ ಅಣ್ಣ ಅಂಗಳದಲ್ಲೇ ನಿಂತು ಕಡ್ಡಿ ಮುರಿದಂತೆ ಹೇಳಿದ.

"ಒಂದು ವರ್ಷ ಇಲ್ಲಿರ್ಲಿ ಕಣಮ್ಮ. ಇಪ್ಪತ್ತೇಳು ಮಳೇನೂ ನೋಡ್ಲಿ. ಎಲ್ಲಾ ಕಾಲದಾಗೂ ನೇಯಕ್ಕಾಯ್ತು ಅಂದ್ರೆ ನಿಂದೇ. ಇಲ್ಲಾಂದ್ರೆ ಬರೋ ಉಗಾದಿಗೆ ಟೆಂಪೋ ತಕ್ಕಂಡು ಬತ್ತೀನಿ. ಸುಮ್ನೆ ನಿಂತ ಮಗ್ಗ ಮನೇಗೆ ಒಳ್ಳೇದಲ್ಲ."

ಹೊರಗಿನವರಿಗೆ ಹಿಂದೂಪುರವೂ ಕಲ್ಯಾಣದುರ್ಗವೂ ಒಂದೇ ಒಣ ಸೀಮೆ. ರೇಷ್ಮೆಯ ಎಳೆಗೆ ಮಾತ್ರ ವ್ಯತ್ಯಾಸ ಗೊತ್ತು. ಹಿಂದೂಪುರದಲ್ಲಿ ನಮ್ಮದು ಗುಂಡಿ ಮಗ್ಗ. ಕಾಲು ಇಳಿಬಿಟ್ಟ ಗುಂಡಿಯಿಂದ ಮಣ್ಣಿನ ತಂಪು ಮೇಲೇರಿ ಎಳೆಯನ್ನು ಮೆತ್ತಗೆ ಇಡುತ್ತಿತ್ತು. ಇಲ್ಲಿ ಗುಂಡಿ ತೆಗೆಯಲು ಹಾರೆ ಹಾಕಿದರೆ ಗೇಣುದ್ದಕ್ಕೇ ಬಂಡೆ. ಮಗ್ಗವನ್ನು ಚಪ್ಪಡಿಯ ಮೇಲೆಯೇ ನಿಲ್ಲಿಸಬೇಕಾಯಿತು. ಮೇಲೆ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ ಅಂತ ನನಗೆ ಆಗ ತಿಳಿಯಿತು. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹಪ್ಪಳದ ಹಾಗೆ ಒಣಗಿ ಟಿಕ್ ಟಿಕ್ ಎಂದು ಕಿತ್ತುಹೋಗುತ್ತಿದ್ದವು. ಒಂದು ಗೇಣು ನೇಯುವಷ್ಟರಲ್ಲಿ ಗಂಟು ಹಾಕಿ ಹಾಕಿ ಬೆರಳು ಮರಗಟ್ಟುತ್ತಿತ್ತು.

ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ ಹೇಳುತ್ತಿದ್ದರು, "ಇದು ಗಾಳಿಯೂರು ಕಣಮ್ಮ. ಇಲ್ಲಿ ಉಪ್ಪು ಸೈತ ಬೆವರಲ್ಲ. ರೇಷ್ಮೆ ಎಲ್ಲಿ ಬೆವರ್ತೈತೆ?"

ನಾನು ಒಂದು ಸಂಜೆ ಅತ್ತುಬಿಟ್ಟೆ. ನಮ್ಮವರಿಗೆ ಅಳುವವರನ್ನು ಕಂಡರೆ ಆಗದು. ಕೆಟ್ಟ ಮೋಟಾರು ಕಂಡ ಹಾಗೆ, ಕೂಡಲೇ ಬಿಚ್ಚಿ ನೋಡಬೇಕು ಅನಿಸುತ್ತದೆ. ನೂಲು ತುಂಬಿ ಬಂದಿದ್ದ ರಟ್ಟಿನ ಡಬ್ಬದ ಮೇಲೆ ಚೀನಾದ ಯಾವುದೋ ಊರಿನ ಹೆಸರಿತ್ತು. ಅದನ್ನು ಫೋನಿಗೆ ಕೊಟ್ಟು ಹುಡುಕಿದರು. ಆ ಊರಿನ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಅತ್ತೆ ಅದಕ್ಕೆ 'ಚೀನಾದೂರು' ಎಂದು ನಾಮಕರಣ ಮಾಡಿ ಮುಗಿಸಿದರು. ಆ ಊರಿನ ವರ್ಷವಿಡೀ ಹವಾಮಾನ ತಿಂಗಳು ತಿಂಗಳಾಗಿ ಫೋನಿನಲ್ಲಿತ್ತು. ಬೆಚ್ಚಗಿನ, ತೇವದ ಊರಂತೆ.

"ಚೂಡು, ಇಲ್ನೋಡು, ಈ ನೂಲು ಹುಟ್ಟಿದ್ದೇ ಇಂಥಾ ಊರಾಗೆ," ಎಂದರು ನಮ್ಮವರು. "ತವರು ನೆಪ್ಪಾಗಿ ಕಿತ್ಕಂತೈತೆ. ತವರನ್ನೇ ಇಲ್ಲಿಗೆ ತರಾನ ಬಿಡು."

ನನ್ನ ತವರಿನ ಬಗ್ಗೆ ಇಷ್ಟು ಕಾಳಜಿ ಅವರಿಗೆ ಎಂದೂ ಬಂದಿರಲಿಲ್ಲ. ಅಳುತ್ತಿದ್ದವಳು ನಕ್ಕೆ.

ಮಾರನೇ ದಿನದಿಂದ ಕೋಣೆಯಲ್ಲಿ ಚೀನಾ ಏಳತೊಡಗಿತು. ಮಗ್ಗದ ಕೆಳಗೆ ಹಳ್ಳದ ಮರಳು ಹಾಸಿ ನೀರು ಚಿಮುಕಿಸಿದರು. ಕಿಟಕಿಗೆ ಗೋಣಿಚೀಲ, ಮೂಲೆ ಮೂಲೆಗೆ ಮಣ್ಣಿನ ಗಡಿಗೆ, ಯಾರೋ ಬಿಟ್ಟುಹೋದ ಹಳೆಯ ಕೂಲರು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ನಮ್ಮವರಲ್ಲ. ಹನ್ನೆರಡು ತಿಂಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಬೆಳಿಗ್ಗೆ ಎದ್ದು ಪಂಚಾಂಗದಂತೆ ಅದನ್ನು ಓದುತ್ತಿದ್ದರು. ಚೀನಾದಲ್ಲಿ ಚೈತ್ರಕ್ಕೆ ಜಿನುಗು ಮಳೆಯಾದರೆ ನಮ್ಮ ಕೋಣೆಗೂ ಜಿನುಗು. ಎಳೆ ನಿಜವಾಗಿ ಮೆತ್ತಗಾಯಿತು. ಟಿಕ್ ಟಿಕ್ ಕಡಿಮೆಯಾಯಿತು. ನಾನು ಹಾರಾಡಿದೆ. ಹೊರಗೆ ಬೀದಿ ನಾಯಿ ಚರಂಡಿಯಲ್ಲಿ ಮಲಗುವಂಥ ಬಿಸಿಲು, ಒಳಗೆ ನಾನು ಹಾಡು ಹೇಳಿಕೊಂಡು ನೇಯುತ್ತಿದ್ದೆ.

ಜೂನ್ ಬಂತು. ನಮ್ಮಲ್ಲಿ ರೋಹಿಣಿ ಮಳೆ ಎರಡು ಹನಿ ಉದುರಿಸಿ ಪರಾರಿ. ಪಟ್ಟಿಯಲ್ಲಿ ಮಾತ್ರ ಚೀನಾದವರ ಅತಿ ದೊಡ್ಡ ಮಳೆಗಾಲ, ಅದೆಂಥದೋ ಪ್ಲಮ್ ಹಣ್ಣು ಮಾಗುವಾಗ ಬಿಡದೆ ಹಿಡಿಯುವ ಜಡಿಮಳೆ. ನಮ್ಮವರಿಗೆ ಆವೇಶ ಬಂದುಬಿಟ್ಟಿತು. ಕೂಲರು ಹಗಲೆಲ್ಲ ಓಡಿತು, ಗಡಿಗೆಗಳು ಇಮ್ಮಡಿಯಾದವು. ಮೂರನೇ ದಿನ ಬಾಗಿಲ ಚೌಕಟ್ಟಿನಲ್ಲಿ ಅಣಬೆ ಎದ್ದಿತು. ಕಲ್ಯಾಣದುರ್ಗದಲ್ಲಿ, ಜೂನ್ ತಿಂಗಳಲ್ಲಿ, ಮನೆಯೊಳಗೆ ಅಣಬೆ. ಅದನ್ನು ನೋಡಲು ಅಕ್ಕಪಕ್ಕದ ಹೆಂಗಸರು ಬಂದರು. ಬಂದವರು ತಂಪಿಗೆ ಮಾರುಹೋಗಿ ಕಡಲೆಕಾಯಿ ಸುಲಿಯುತ್ತ ಸಂಜೆಯವರೆಗೂ ಅಲ್ಲೇ ಕೂತರು.

ಆ ಗಲಾಟೆಯಲ್ಲಿ ನಾನು ಹರಟುತ್ತ ನೇಯ್ದೆನೇ ಹೊರತು ಸೀರೆ ನೋಡಲಿಲ್ಲ. ಅಂಚಿನ ಚಿತ್ರ ಮೂಡಿಸಲು ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಅಟ್ಟೆಗಳ ಮಾಲೆ ಇರುತ್ತದೆ. ನೇಯ್ದ ಎಳೆಯನ್ನು ಬಿಗಿಯಲು ಹಲಗೆ ಹೊಡೆಯುವ ಒಂದೊಂದು ಏಟಿಗೆ ಒಂದೊಂದು ಅಟ್ಟೆ ಸರಿಯಬೇಕು. ಆ ಅಟ್ಟೆಗಳು ತೇವ ಕುಡಿದು ಉಬ್ಬಿ, ಮುಂದೆ ಸರಿಯದೆ ಅಲ್ಲಲ್ಲೇ ಸಿಕ್ಕಿಕೊಂಡಿದ್ದವು. ಅಂಚಿನ ಒಂದೊಂದು ಹಂಸಕ್ಕೂ ಕುತ್ತಿಗೆ ಬಂದ ಕಡೆಯೇ ಅಟ್ಟೆ ತಡೆದು ತಡೆದು ನಿಂತಿದ್ದರಿಂದ ಕುತ್ತಿಗೆ ಬೆಳೆಯಿತು, ಬೆಳೆಯಿತು, ಮುಗಿಯುವ ಹಾಗೇ ಕಾಣಲಿಲ್ಲ.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಇದು ಹಂಸ ಅಲ್ಲ ಕಣಮ್ಮ. ಪಕ್ಕದ್ಮನೇಗೆ ಇಣುಕಿ ನೋಡೋ ಕೊಕ್ಕರೆ."

ನಗಬಾರದಿತ್ತು, ಒಂದು ಸೀರೆ ಹಾಳಾಗಿತ್ತು. ಆದರೆ ಒಂದರ ಹಿಂದೆ ಒಂದು ಇಪ್ಪತ್ತು ಕೊಕ್ಕರೆಗಳು ಕತ್ತು ಚಾಚಿ ನಿಂತದ್ದು ಕಂಡು ನಾನು ಮರಳಿನ ಮೇಲೆ ಕುಸಿದು ಕೂತು ನಕ್ಕೆ. ನಮ್ಮವರು ಪಟ್ಟಿಯನ್ನೇ ದಿಟ್ಟಿಸುತ್ತ, "ಪಟ್ಟಿ ತಪ್ಪಿಲ್ಲ," ಎಂದರು. ಅದಕ್ಕೂ ನಕ್ಕೆವು.

ದಾರಿ ತೋರಿಸಿದವರು ಅತ್ತೆ. ಒಂದು ತಟ್ಟೆಯಲ್ಲಿ ಕಲ್ಲುಪ್ಪು ತಂದು ಮಗ್ಗದ ಪಕ್ಕ ಇಟ್ಟರು. "ಉಪ್ಪು ಗಲಗಲ ಅಂದ್ರೆ ನೀರು ಹಾಕು. ಕೈಗೆ ಅಂಟ್ತು ಅಂದ್ರೆ ನಿಲ್ಸು. ನೀರು ಬಿಡ್ತು ಅಂದ್ರೆ ಪರದೆ ತೆಗ್ದು ಗಾಳಿ ಬಿಡು. ಆ ಚೀನಾದೋರಿಗೇನು ಗೊತ್ತು, ಬಿಡು ಸರ್ಲೇ."

ಆಮೇಲೆ ಫೋನಿನ ಪಟ್ಟಿ ಶೋಕಿಗೆ, ಉಪ್ಪಿನ ತಟ್ಟೆ ಕೆಲಸಕ್ಕೆ. ಆದರೂ ನಮ್ಮವರು ಚೀನಾ ಬಿಡಲಿಲ್ಲ. ಆಗಸ್ಟಿನಲ್ಲಿ ಅಲ್ಲಿ ಬೆವರು ಸುರಿಯುವ ಸೆಕೆ ಎಂದು ಓದಿ ತಾವೂ ಬನಿಯನ್ನಿನಲ್ಲೇ ಕೂತರು. ನಮ್ಮೂರಿಗೆ ಮಘೆ ಮಳೆ ಅಪರೂಪಕ್ಕೆ ಚೆನ್ನಾಗಿ ಬಂದಾಗ, ಮಘೆ ಮಳೆ ಬಂದಷ್ಟೂ ಲೇಸು, ಮನೆಮಗ ಉಂಡಷ್ಟೂ ಲೇಸು ಎಂದು ಹೇಳಿ ಎರಡು ಮುದ್ದೆ ಹೆಚ್ಚಿಗೆ ಉಂಡರು. ಅಕ್ಟೋಬರಿನಲ್ಲಿ ಚೀನಾದೂರು ತಿಳಿ ಆಕಾಶದ್ದು, ಬೀದಿ ತುಂಬ ಯಾವುದೋ ಮರದ ಹೂವಿನ ಘಮಲು ಎಂದು ಪಟ್ಟಿ ಹೇಳಿತು. ಸಂಜೆ ನಾಲ್ಕು ಮೊಳ ಮಲ್ಲಿಗೆ ತಂದು ಮಗ್ಗಕ್ಕೆ ಕಟ್ಟಿದರು. ನನಗೆ ಮುಡಿಯಲು ಒಂದು ಮೊಳವೂ ಉಳಿಸಲಿಲ್ಲ. ಜನವರಿಯಲ್ಲಿ ಅಲ್ಲಿ ಒಮ್ಮೊಮ್ಮೆ ಹಿಮ ಬೀಳುತ್ತದಂತೆ. ಸೋಡಾ ಅಂಗಡಿಯಿಂದ ಐಸುಗಡ್ಡೆ ತರಲು ಹೊರಟವರನ್ನು ಅತ್ತೆ, "ಎಲ್ಲಿಗ್ಲಾ ಹೋಯ್ತೀಯ?" ಎಂದು ಗದರಿಸಿ ಕೂರಿಸಿದರು.

ನನ್ನ ದಿನಚರಿ ಹೀಗಿತ್ತು. ಬೆಳಿಗ್ಗೆ ನೇಯ್ಗೆ. ಮಧ್ಯಾಹ್ನ ನಮ್ಮವರ ಅಂಗಡಿಗೆ ಊಟದ ಡಬ್ಬಿ ಒಯ್ದು, ಅಲ್ಲೇ ಸ್ವಲ್ಪ ಹೊತ್ತು ಹರಟಿ, ಮೂರು ಗಂಟೆಗೆ ವಾಪಸು. ಅಷ್ಟು ಹೊತ್ತು ಉಪ್ಪಿನ ತಟ್ಟೆ ಕಾಯುತ್ತೇನೆಂದು ಅತ್ತೆ ಕೋಣೆಯಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದರು. ಮುದುಕಿಗೆ ತಂಪಿನ ರುಚಿ ಹತ್ತಿದೆ ಎಂದು ನಾನೂ ನಮ್ಮವರೂ ಗೇಲಿ ಮಾಡುತ್ತಿದ್ದೆವು.

ಉಗಾದಿಯ ದಿನ ಹೇಳಿದ ಮಾತಿನಂತೆ ಅಣ್ಣ ಟೆಂಪೋ ತಂದ. ಡ್ರೈವರಿಗೆ ಹಗ್ಗ ತೆಗೆದಿಡಲು ಹೇಳಿಯೇ ಒಳಗೆ ಬಂದ. ವರ್ಷವಿಡೀ ಆಡಿದ ಆಟಕ್ಕೆ ಈಗ ತೀರ್ಪು. ಅವನು ಪಟ್ಟಿ ನೋಡಲಿಲ್ಲ, ಗಡಿಗೆ ನೋಡಲಿಲ್ಲ. ಕೊಕ್ಕರೆ ಸೀರೆಯನ್ನು ಬಿಡಿಸಿ ಒಂದು ಸಲ ಕೆಮ್ಮಿ ಪಕ್ಕಕ್ಕಿಟ್ಟ. ಆಮೇಲೆ ಮಗ್ಗದ ಮೇಲಿದ್ದ ಬಟ್ಟೆಯ ಮೇಲೆ, ಅಪ್ಪ ಮಾಡುತ್ತಿದ್ದ ಹಾಗೆ, ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತ ಹೋದ.

"ಗಂಟೇ ಸಿಗ್ತಿಲ್ಲ," ಎಂದ. "ಇದು ನಿನ್ನ ಏಟು. ಇದೂ ನಿಂದೇ." ಹೆಬ್ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. "ಇದು ನಿಂದಲ್ಲ."

ನನ್ನದೇ ಎಂದೆ. ಕೋಣೆಗೆ ಬೇರೆ ಯಾರು ಬರುತ್ತಾರೆ?

"ಅಲ್ಲ ಕಣಮ್ಮ. ನೀನು ಒಂದೇಟು ಹೊಡೀತೀಯ. ಇದು ಒಂದು ಗಟ್ಟಿ, ಒಂದು ಮೆಲ್ಲಗೆ, ಎರಡೇಟಿನ ಕೈ. ಪರಿಗಿ ಕಡೆ ಹಳಬ್ರು ಹೊಡೀತಿದ್ದದ್ದು. ನಿಂಗಿಂತ ಚೆಂದಾಗೈತೆ. ಯಾರ್ದಿದು?"

ನಾನು ನಮ್ಮವರ ಮುಖ ನೋಡಿದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಅತ್ತೆ, ಪಾನಕದ ಲೋಟ ಹಿಡಿದು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ನಿಂತಿದ್ದರು. ಅವರ ತವರು ಪರಿಗಿ. ಅಷ್ಟು ನನಗೂ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಕೇಳುವ ಗೋಜಿಗೆ ಹೋಗಿರಲಿಲ್ಲ.

"ಮಧ್ಯಾನ್ನ ಸುಮ್ನೆ ಕೂತ್ಕಂಡಿದ್ದೆ," ಎಂದರು. "ಕೈ ಸುಮ್ನಿರ್ಲಿಲ್ಲ. ದಿನಾ ಒಂದ್ ಬೆರಳಗಲ, ಇವ್ಳಿಗೆ ತಿಳೀದಂಗೆ."

ಅವರೇ ಮುಂದುವರಿಸಿದರು. "ನಂದೂ ಬಂದಿತ್ತು ಕಣಪ್ಪ ಮಗ್ಗ, ಮದ್ವೇಲಿ. ಎತ್ತಿನ ಗಾಡಿ ಮ್ಯಾಲೆ. ಒಂದೇ ಬೇಸ್ಗೆ ನೋಡ್ತು. ಎಳೆ ನಿಲ್ಲಲ್ಲ ಅಂತ ನಮ್ಮಪ್ಪ ಅದೇ ಗಾಡಿ ತಂದು ಎತ್ಕಂಡು ಹೋಗ್ಬುಟ್ಟ. ಇವ್ನು ಇನ್ನೂ ಹುಟ್ಟಿರ್ಲಿಲ್ಲ."

ನಮ್ಮವರಿಗೆ ಇದು ಗೊತ್ತೇ ಇರಲಿಲ್ಲ. ಪಟ್ಟಿಯ ಪಕ್ಕದ ಗೋಡೆಗೆ ಒರಗಿ ನಿಂತುಬಿಟ್ಟರು. ನನಗೆ ನಾಚಿಕೆಯಾಯಿತು, ಹೇಳಲಾಗದಷ್ಟು ಖುಷಿಯೂ ಆಯಿತು. ಒಂದು ವರ್ಷ ನಾನು ನನ್ನ ಮಗ್ಗ, ನನ್ನ ಮಗ್ಗ ಎಂದು ಎದೆ ಬಡಿದುಕೊಂಡಿದ್ದೆ. ಅದೇ ಎದೆಬಡಿತವನ್ನು ಈ ಹೆಂಗಸು ನನ್ನ ವಯಸ್ಸಿನಲ್ಲೇ ಅನುಭವಿಸಿ, ಸೋತು, ಬಾಯಿ ಮುಚ್ಚಿಕೊಂಡು ಮೂವತ್ತೈದು ವರ್ಷ ಅಡುಗೆ ಮಾಡಿದ್ದರು.

ಅಣ್ಣ ಹೊರಗೆ ಹೋದ. "ಹಗ್ಗ ಒಳಗಿಡಪ್ಪ, ಏನೂ ಇಲ್ಲ, ಖಾಲಿ ಗಾಡೀನೇ," ಎಂದು ಡ್ರೈವರಿಗೆ ಹೇಳುವುದು ಕೇಳಿಸಿತು. ನಾನು ಅತ್ತೆಯ ಕೈಯಿಂದ ಪಾನಕದ ಲೋಟ ತೆಗೆದುಕೊಂಡು, ಮಗ್ಗದ ಕಡೆ ತೋರಿಸಿ, "ಕೂತ್ಕಳಿ ಅತ್ತಮ್ಮ," ಎಂದೆ. ಬೇಡ ಬೇಡ, ಹಬ್ಬದ ಅಡುಗೆ ಇದೆ ಎಂದರು. ಸೆರಗು ಮಾತ್ರ ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. ಕೆಳಗೆ ನೋಡದೆಯೇ ಅವರ ಪಾದಗಳಿಗೆ ಮಗ್ಗ ತುಳಿಯುವ ಕಾಲುಮಣೆ ಸಿಕ್ಕಿತು. ಒಂದು ಗಟ್ಟಿ, ಒಂದು ಮೆಲ್ಲಗೆ.

ಆ ಉಗಾದಿಯ ಒಬ್ಬಟ್ಟನ್ನು ನಾವು ಮೂವರೇ ಉಂಡೆವು. ಎಷ್ಟು ಕರೆದರೂ ಅತ್ತೆ ಮಗ್ಗ ಬಿಟ್ಟು ಏಳಲಿಲ್ಲ.